ಒಂಬತ್ತನೇ ಕ್ಲಾಸಿನ ಮಾರ್ಚ್ ತಿಂಗಳು

ನಮ್ಮ ಮನೆಯಿಂದ ಬಸ್‌ಸ್ಟಾಪಿಗೆ ಹೋಗುವ ದಾರಿಯಲ್ಲಿ ಮೂರು ಹೈಸ್ಕೂಲುಗಳಿವೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮಾರನೇ ದಿನ ಗೇಟಿಗೆ ಫ್ಲೆಕ್ಸ್ ಕಟ್ಟುತ್ತಾರೆ. ಮಕ್ಕಳ ಫೋಟೋ, ಪಕ್ಕದಲ್ಲಿ 625ಕ್ಕೆ ಎಷ್ಟು ಬಂತು ಅನ್ನೋದು, ಮೇಲೆ ದೊಡ್ಡ ಅಕ್ಷರದಲ್ಲಿ 'ನೂರಕ್ಕೆ ನೂರು ಫಲಿತಾಂಶ'. ಆ ಮಕ್ಕಳು ಕಷ್ಟಪಟ್ಟು ಓದಿದ್ದಾರೆ, ಅವರ ಖುಷಿ ನನಗೂ ಖುಷಿಯೇ. ಆದರೆ ಆ ಫ್ಲೆಕ್ಸ್ ಕಂಡಾಗಲೆಲ್ಲ ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತದೆ. ಈ ಮಕ್ಕಳು ಎಂಟನೇ ಕ್ಲಾಸಿನಲ್ಲಿದ್ದಾಗ ಜೊತೆಗೆ ಎಷ್ಟು ಜನ ಇದ್ದರು? ಅವರೆಲ್ಲ ಹತ್ತಕ್ಕೆ ಬಂದರಾ? ಬರದೇ ಇದ್ದವರು ಎಲ್ಲಿಗೆ ಹೋದರು?

ಈ ಲೆಕ್ಕ ಶುರುವಾಗಿದ್ದು ನಮ್ಮಕ್ಕನ ಮಗನಿಂದ. ಮನೆಯಲ್ಲಿ ಎಲ್ಲರೂ ಅವನನ್ನು ಪುಟ್ಟ ಅಂತಲೇ ಕರೆಯೋದು. ಈಗ ನನಗಿಂತ ಒಂದು ಅಡಿ ಎತ್ತರ ಇದ್ದಾನೆ, ಆದರೂ ಪುಟ್ಟನೇ.

2022ರ ಮಾರ್ಚ್. ಅವನು ಒಂಬತ್ತನೇ ಕ್ಲಾಸು. ಹೆಡ್ ಮಿಸ್ ಬರೋಕೆ ಹೇಳಿದ್ದಾರೆ ಅಂತ ಅಕ್ಕ ಫೋನ್ ಮಾಡಿದಳು, ಒಬ್ಬಳೇ ಹೋಗೋಕೆ ಭಯ ಆಗತ್ತೆ ಬಾರೇ ಅಂದಳು. ಹೋದೆ. ಭಾವನೂ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಆ ಹೆಡ್ ಮಿಸ್ ಒಂದು ಮಾತೂ ಒರಟಾಗಿ ಆಡಲಿಲ್ಲ. ಟೀ ತರಿಸಿದರು. "ಹುಡುಗ ತುಂಬಾ ಒಳ್ಳೆಯವನು. ಮರ್ಯಾದೆ ಇದೆ, ಜಗಳ ಇಲ್ಲ, ಹೇಳಿದ ಮಾತು ಕೇಳ್ತಾನೆ. ಆದ್ರೆ ಟೆಂತ್ ಕಷ್ಟ ಆಗತ್ತೆ ಅವನಿಗೆ. ಈಗಲೇ ಟಿ.ಸಿ. ತಗೊಂಡ್ರೆ ನಿಮಗೇ ಒಳ್ಳೇದು. ಆಮೇಲೆ ಫೇಲ್ ಅಂತ ಬಂದ್ರೆ ಮಗು ಮನಸ್ಸಿಗೆ ಎಷ್ಟು ಬೇಜಾರಾಗತ್ತೆ ಅಲ್ವಾ?" ಅಂದರು. ಆಮೇಲೆ ಒಂದು ಬಿಳಿ ಹಾಳೆ ಮುಂದಿಟ್ಟರು. ಅರ್ಜಿ ನಾವೇ ಬರೆಯಬೇಕಿತ್ತು. ವೈಯಕ್ತಿಕ ಕಾರಣಗಳಿಂದ ನಮ್ಮ ಮಗನನ್ನು ಬೇರೆ ಶಾಲೆಗೆ ಸೇರಿಸುತ್ತಿದ್ದೇವೆ, ದಯವಿಟ್ಟು ವರ್ಗಾವಣೆ ಪತ್ರ ಕೊಡಬೇಕು ಅಂತ. ಭಾವ ಪೆನ್ ಹಿಡಿದುಕೊಂಡು ಎಷ್ಟೋ ಹೊತ್ತು ಸುಮ್ನೆ ಕೂತಿದ್ದರು. ಕೊನೆಗೆ ಬರೆದಿದ್ದು ನಾನು. ಆ ಹಾಳೆಯಲ್ಲಿ ನನ್ನ ಅಕ್ಷರ ಇದೆ. ಅದು ನೆನಪಾದಾಗಲೆಲ್ಲ ಈಗಲೂ ಎದೆಯಲ್ಲಿ ಏನೋ ಹಿಂಡಿದಂತಾಗುತ್ತದೆ. ಯಾಕೆ ಬರೆದೆ? ಒಂದು ಪ್ರಶ್ನೆಯನ್ನೂ ಯಾಕೆ ಕೇಳಲಿಲ್ಲ?

ಒಂಬತ್ತರಲ್ಲೇ ಯಾಕೆ ಹೀಗೆ ಅನ್ನೋದು ನನಗೆ ಆಮೇಲೆ ಗೊತ್ತಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಅಂದರೆ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ. ಒಂಬತ್ತಕ್ಕೆ ಕಾಲಿಟ್ಟ ಮೇಲೆ ಆ ಕಾಯ್ದೆಯ ನೆರಳು ಇಲ್ಲ. ಹತ್ತಕ್ಕೆ ಹೋದರೆ ಶಾಲೆಯ ಫಲಿತಾಂಶದಲ್ಲಿ ಮಗುವಿನ ಹೆಸರೂ ಲೆಕ್ಕಕ್ಕೆ ಬರುತ್ತದೆ. ಈ ಎರಡರ ನಡುವೆ ಇರುವುದು ಒಂದೇ ವರ್ಷ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಇನ್ನೆಷ್ಟು ಅಪ್ಪ ಅಮ್ಮಂದಿರು ಬಿಳಿ ಹಾಳೆಯ ಮುಂದೆ ಕೂರುತ್ತಾರೋ.

ಸೂರ್ಯನ ಕಥೆ

ಪುಟ್ಟನಿಗೆ ಓದೋಕೆ ಬರುತ್ತಿರಲಿಲ್ಲ. ಹೀಗೆ ಬರೆದರೆ ತಪ್ಪಾಗುತ್ತದೆ. ಅವನಿಗೆ ಅಕ್ಷರ ಗೊತ್ತಿತ್ತು, ಪದ ಕೂಡಿಸೋದು ಗೊತ್ತಿತ್ತು, ಆದರೆ ನಾವು ಒಂದು ಪ್ಯಾರಾ ಓದುವ ಹೊತ್ತಿಗೆ ಅವನು ಒಂದು ಸಾಲಿನ ಮಧ್ಯದಲ್ಲಿರುತ್ತಿದ್ದ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಶುರುವಿನಲ್ಲಿ ಏನಿತ್ತು ಅನ್ನೋದು ಮರೆತುಹೋಗಿರುತ್ತಿತ್ತು. ಅದೇ ಪಾಠವನ್ನು ಯಾರಾದರೂ ಓದಿ ಹೇಳಿದರೆ ಪೂರ್ತಿ ಅರ್ಥವಾಗುತ್ತಿತ್ತು, ಒಂದು ವಾರ ಬಿಟ್ಟು ಕೇಳಿದರೂ ಹೇಳುತ್ತಿದ್ದ. ನಾವು ಅದನ್ನು ಸೋಮಾರಿತನ ಅಂದುಕೊಂಡೆವು. 'ಕೇಳಿದ್ರೆ ಎಲ್ಲಾ ಬರತ್ತೆ, ಪುಸ್ತಕ ಹಿಡಿಯೋಕೆ ಮಾತ್ರ ಕಳ್ಳಾಟ' ಅಂತ ನಮ್ಮಮ್ಮ ದಿನಾ ಬೈಯುತ್ತಿದ್ದರು. ಮೂರು ಟ್ಯೂಷನ್ ಬದಲಾಯಿಸಿದ್ದಾಯಿತು.

ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ, ಓದಿದ ಹಾಗೇ ಬರೆಯುತ್ತೇವೆ, ಇಂಗ್ಲಿಷಿನ ಹಾಗೆ ಗೊಂದಲ ಇಲ್ಲ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅದು ಬಹುಪಾಲು ನಿಜವೂ ಹೌದು. ಆದರೆ ಪುಟ್ಟನ ಕಣ್ಣಿನಿಂದ ನೋಡಿದಾಗ ನನಗೆ ಬೇರೆಯೇ ಕಂಡಿತು. ವ, ಪ, ಷ, ಮೂರೂ ಅಣ್ಣತಮ್ಮಂದಿರ ಹಾಗೆ. ಕಿ ಮತ್ತು ಕೀ ನಡುವೆ ಇರೋದು ಒಂದು ಚಿಕ್ಕ ದೀರ್ಘದ ಗುರುತು. ಒತ್ತಕ್ಷರ ಕೆಳಗೆ ನಿಂತಿರುತ್ತದೆ, ಕಣ್ಣು ಎಡದಿಂದ ಬಲಕ್ಕೆ ಹೋಗುತ್ತಾ ನಡುವೆ ಒಮ್ಮೆ ಕೆಳಗಿಳಿದು ಮತ್ತೆ ಮೇಲೆ ಬರಬೇಕು. ಇನ್ನು ಅರ್ಕಾವೊತ್ತು. 'ಸೂರ್ಯ' ಅಂತ ಬರೆದು ನೋಡಿ. ಬಾಯಲ್ಲಿ ರ್ ಮೊದಲು ಬರುತ್ತದೆ, ಆಮೇಲೆ ಯ. ಹಾಳೆಯ ಮೇಲೆ ಯ ಮೊದಲು ನಿಂತಿದೆ, ರ್ ಅದರ ಹಿಂದೆ. ನಮಗೆ ಇದು ಕಾಣಿಸುವುದೇ ಇಲ್ಲ, ಅಷ್ಟು ರೂಢಿಯಾಗಿದೆ. ಅವನು ಒಂದನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸಿನವರೆಗೂ 'ಸೂಯರ್' ಅಂತ ಬರೆದು ಕೆಂಪು ಶಾಯಿಯ ಸುತ್ತು ಹಾಕಿಸಿಕೊಂಡಿದ್ದ.

ಇದನ್ನು ಮೊದಲು ಹಿಡಿದವರು ಅವನು ಆಮೇಲೆ ಸೇರಿದ ಚಿಕ್ಕ ಶಾಲೆಯ ಒಬ್ಬ ಅಕ್ಕ. ಅಲ್ಲಿ ಮೇಷ್ಟ್ರು, ಮಿಸ್ಸು ಅನ್ನೋದಿಲ್ಲ, ಅಕ್ಕ ಮತ್ತು ಅಣ್ಣ ಅಂತಾರೆ. ನಾನು ಅವತ್ತು ಪಕ್ಕದಲ್ಲೇ ಇದ್ದೆ. ಅವನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದಿದ್ದ. ಅವರು ತಪ್ಪು ಅನ್ನಲಿಲ್ಲ. "ನಿನ್ನ ಕಣ್ಣಿಗೆ ಹೇಗೆ ಕಾಣ್ತೋ ಹಾಗೆ ಬರೆದಿದ್ದೀಯ, ರ್‌ಗೂ ಯಗೂ ಜಗಳ ಆಗಿದೆ, ಯಾರು ಮುಂದೆ ನಿಲ್ಲಬೇಕು ಅಂತ" ಅಂದರು. ಆಮೇಲೆ ಕಾರ್ಯ, ಧೈರ್ಯ, ಮರ್ಯಾದೆ, ಪರ್ವತ, ಕರ್ಪೂರ ಎಲ್ಲ ಬರೆದು ರ್ ಎಲ್ಲಿ ಅಡಗಿದೆ ಹುಡುಕು ಅಂದರು. ಅವನು ಹುಡುಕುತ್ತಾ ಹುಡುಕುತ್ತಾ ನಕ್ಕ. ಓದುವಾಗ ಅವನು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಹದಿನೈದು ವರ್ಷದ ಹುಡುಗ.

ಅವರೇ ನಿಮ್ಹಾನ್ಸ್‌ಗೆ ಒಂದು ಸಲ ತೋರಿಸಿ ಅಂದರು. ಮನೆಯಲ್ಲಿ ರಂಪವಾಯಿತು. ನಿಮ್ಹಾನ್ಸ್ ಅಂದರೆ ನಮ್ಮ ಕಡೆ ಈಗಲೂ ಒಂದೇ ಅರ್ಥ. ಭಾವ ಎರಡು ತಿಂಗಳು ತಳ್ಳಿದರು. ಕೊನೆಗೆ ಹೋದಾಗ ಅಲ್ಲಿ ಮೂರು ಸಲ ಕೂರಿಸಿಕೊಂಡು ಓದಿಸಿದರು, ಬರೆಸಿದರು, ಲೆಕ್ಕ ಮಾಡಿಸಿದರು. ಬುದ್ಧಿಯಲ್ಲಿ ಏನೂ ಕೊರತೆ ಇಲ್ಲ, ಓದು ಬರಹಕ್ಕೆ ಸಂಬಂಧಪಟ್ಟ ಕಲಿಕಾ ನ್ಯೂನತೆ ಇದೆ ಅಂತ ಬರೆದುಕೊಟ್ಟರು. ಡಿಸ್ಲೆಕ್ಸಿಯಾ ಅನ್ನುತ್ತಾರಲ್ಲ, ಅದು. ನಮ್ಮಕ್ಕ ಆ ಕಾಗದ ಹಿಡಿದುಕೊಂಡು ಆಸ್ಪತ್ರೆಯ ಮರದ ಕೆಳಗೆ ತುಂಬಾ ಹೊತ್ತು ಅತ್ತಳು. ಎಷ್ಟು ಹೊಡೆದಿದ್ದೀನಿ ಕಣೇ ಇವನಿಗೆ, ಅಂದಳು.

ಗಂಟೆ ಇಲ್ಲದ ಶಾಲೆ

ಆ ಚಿಕ್ಕ ಶಾಲೆಯ ಬಗ್ಗೆ ಹೇಳಬೇಕು. ಊರಿನಿಂದ ಹೊರಗೆ, ಹುಣಸೆ ತೋಪಿನ ಪಕ್ಕ, ಮಂಗಳೂರು ಹೆಂಚಿನ ಎರಡು ಕಟ್ಟಡ. ಮೂವತ್ತೆಂಟು ಮಕ್ಕಳು, ಆರು ಜನ ಕಲಿಸುವವರು. ವಾರಕ್ಕೆ ಎರಡು ದಿನ ನಾನೂ ಹೋಗಿ ಕನ್ನಡ ಓದಿಸುತ್ತಿದ್ದೆ, ಒಂದೂವರೆ ವರ್ಷ.

ಮೊದಲ ದಿನವೇ ನನಗೆ ಏನೋ ಕಮ್ಮಿ ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು, ಗಂಟೆ ಹೊಡೆಯುವುದಿಲ್ಲ. ಮೊದಲು ಗಂಟೆ ಇತ್ತಂತೆ. ಆಟಿಸಂ ಇರುವ ಒಬ್ಬ ಹುಡುಗ ಸೇರಿದ ಮೇಲೆ ತೆಗೆದರಂತೆ. ಗಂಟೆ ಹೊಡೆದಾಗಲೆಲ್ಲ ಅವನು ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದನಂತೆ. ಆ ಹುಡುಗನಿಗೆ ಗಂಟೆಯ ಅಭ್ಯಾಸ ಮಾಡಿಸೋದು ಹೇಗೆ ಅಂತ ಒಂದು ವಾರ ಯೋಚನೆ ಮಾಡಿ, ಆಮೇಲೆ ಯಾರೋ ಒಬ್ಬರು ಗಂಟೆ ನಮಗೆ ಯಾಕೆ ಬೇಕು ಅಂತ ಕೇಳಿದರಂತೆ. ಈಗ ಸಮಯ ಆದಾಗ ಒಬ್ಬ ಹುಡುಗ ಅಥವಾ ಹುಡುಗಿ ಎದ್ದು ಎಲ್ಲ ಕೋಣೆಗೂ ಹೋಗಿ ಮೆಲ್ಲಗೆ 'ಊಟಕ್ಕೆ' ಅಂತ ಹೇಳಿ ಬರುತ್ತಾರೆ. ಅಷ್ಟೇ ವ್ಯವಸ್ಥೆ. ಇದಕ್ಕೆ ದುಡ್ಡು ಖರ್ಚಾಗಲಿಲ್ಲ. ಪರ್ಯಾಯ ಶಾಲೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಗಂಟೆಯ ಕಥೆಯನ್ನೇ ಹೇಳೋದು.

ಅಲ್ಲಿ ಬೇರೆ ಬೇರೆ ತರಹದ ಕಷ್ಟದ ಮಕ್ಕಳಿದ್ದರು, ಎಲ್ಲವೂ ಡಾಕ್ಟರ ಕಾಗದಕ್ಕೆ ಸಿಗುವ ಕಷ್ಟ ಆಗಿರಲಿಲ್ಲ. ಒಬ್ಬಳು ಹುಡುಗಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋದಾಗ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಂಡಿದ್ದು, ಹದಿನೇಳಕ್ಕೆ ಮತ್ತೆ ಬಂದವಳು. ಅವಳಿಗೆ ಓದು ಕಷ್ಟವೇ ಅಲ್ಲ. ಹದಿಮೂರು ವರ್ಷದವರ ಪಕ್ಕ ಬೆಂಚಿನಲ್ಲಿ ಕೂರುವ ನಾಚಿಕೆ ಕಷ್ಟ. ಇಲ್ಲಿ ವಯಸ್ಸಿನ ಪ್ರಕಾರ ಕೂರಿಸುವುದಿಲ್ಲ, ಕನ್ನಡಕ್ಕೆ ಒಂದು ಗುಂಪು, ಲೆಕ್ಕಕ್ಕೆ ಇನ್ನೊಂದು ಗುಂಪು, ಯಾರು ಎಲ್ಲಿದ್ದಾರೋ ಅಲ್ಲಿ. ಲೆಕ್ಕದಲ್ಲಿ ಅವಳು ಚಿಕ್ಕವರ ಜೊತೆ, ಅಡುಗೆ ಮನೆಯ ಲೆಕ್ಕಪತ್ರಕ್ಕೆ ಅವಳೇ ಯಜಮಾನಿ. ಬೆಳಗ್ಗೆ ಹತ್ತೂವರೆಗೆ ಬರುತ್ತಿದ್ದಳು, ತಂಗಿಯನ್ನು ಅಂಗನವಾಡಿಗೆ ಬಿಟ್ಟು. ಅದಕ್ಕೆ ಯಾರೂ ಲೇಟ್ ಅಂತ ಹೆಸರು ಬರೆಯಲಿಲ್ಲ.

ಪುಟ್ಟನಿಗೆ ಮೊದಲ ಒಂದೂವರೆ ತಿಂಗಳು ಪುಸ್ತಕವನ್ನೇ ಕೊಡಲಿಲ್ಲ. ಭಾವನಿಗೆ ಇದು ನುಂಗಲಾರದ ತುತ್ತಾಗಿತ್ತು, ಫೀಸು ಕಟ್ಟಿ ಮಗನನ್ನು ಬೋರ್‌ವೆಲ್ ರಿಪೇರಿಗೆ ಕಳಿಸಿದ ಹಾಗಾಯ್ತಲ್ಲ ಅಂದರು. ಅವನು ನಿಜವಾಗಲೂ ಅಲ್ಲಿನ ಪಂಪ್‌ಸೆಟ್ ನೋಡಿಕೊಳ್ಳುವ ಅಣ್ಣನ ಹಿಂದೆ ಬಿದ್ದಿದ್ದ. ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗುತ್ತಿತ್ತು, ಯಾಕೆ ಅಂತ ಇಬ್ಬರೂ ಸೇರಿ ಕಂಡುಹಿಡಿದರು. ಅದರಿಂದಲೇ ಪಾಠ ಶುರುವಾಯಿತು. ಎಷ್ಟು ಎಚ್‌ಪಿ ಮೋಟರು, ಎಷ್ಟು ಹೊತ್ತು ಓಡಿದರೆ ಎಷ್ಟು ಯೂನಿಟ್, ತೊಟ್ಟಿಯ ಉದ್ದ ಅಗಲ ಆಳ ಎಷ್ಟು, ತುಂಬಲು ಎಷ್ಟು ಲೀಟರ್. ಬಾಯಲ್ಲೇ ಲೆಕ್ಕ. ಬಾಯಲ್ಲಿ ಸರಿ ಬಂದ ಮೇಲೆ ಹಾಳೆಗೆ.

ಇಂಥ ಶಾಲೆಗಳು ನಮ್ಮಲ್ಲಿ ಹೊಸದಲ್ಲ. ಕೋಲಾರ ಜಿಲ್ಲೆಯ ರಾಯಲ್ಪಾಡಿನ ಹತ್ತಿರ ಡೇವಿಡ್ ಹಾರ್ಸ್‌ಬರ್ಗ್ ಅನ್ನುವವರು 1972ರಲ್ಲಿ ನೀಲ್‌ಬಾಗ್ ಅಂತ ಶಾಲೆ ಶುರು ಮಾಡಿದ್ದರು. ಸುತ್ತಲಿನ ಹಳ್ಳಿಯ ಮಕ್ಕಳಿಗೆ, ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ, ಪರೀಕ್ಷೆ ಇಲ್ಲ, ಶಿಕ್ಷೆ ಇಲ್ಲ, ಓದಿನ ಜೊತೆ ಮರಗೆಲಸ. ಮಾಗಡಿ ಕಡೆಯ ಸೆಂಟರ್ ಫಾರ್ ಲರ್ನಿಂಗ್ 1990ರಿಂದ ನಡೆಯುತ್ತಿದೆ. ಮೈಸೂರಿನ ಹತ್ತಿರ ಕಲಿಯುವ ಮನೆ ಇದೆ, ಅಲ್ಲಿಯೂ ವಯಸ್ಸು ನೋಡಿ ಕ್ಲಾಸು ಹಂಚುವುದಿಲ್ಲ. ಒಂದೊಂದರ ದಾರಿ ಒಂದೊಂದು. ಎಲ್ಲ ಕಡೆಯೂ ಮಕ್ಕಳ ಸಂಖ್ಯೆ ಕಮ್ಮಿ ಅನ್ನೋದು ಮಾತ್ರ ಸಮಾನ. ಕಲಿಸುವವರಿಗೆ ಪ್ರತಿ ಮಗುವಿನ ಕಥೆ ಗೊತ್ತಿರುತ್ತದೆ.

ಒಂಬತ್ತು ಅವಕಾಶ

ಹಾಗಾದರೆ ಹತ್ತನೇ ಕ್ಲಾಸು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನಾವೂ ಕೇಳಿದ್ದೆವು. ಓಪನ್ ಸ್ಕೂಲ್ ಅಂತ ಕರೆಯುವ ಎನ್‌ಐಒಎಸ್ ಇಂಥ ಎಷ್ಟೋ ಶಾಲೆಗಳಿಗೆ ಆಸರೆ. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಇದು. 14 ವರ್ಷ ತುಂಬಿದ ಯಾರು ಬೇಕಾದರೂ ಹತ್ತನೇ ಕ್ಲಾಸಿಗೆ ಕಟ್ಟಬಹುದು. ಐದು ವಿಷಯ ಪಾಸಾಗಬೇಕು, ಅದರಲ್ಲಿ ಭಾಷೆ ಒಂದೇ ಇದ್ದರೂ ಸಾಕು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಎಲ್ಲ ವಿಷಯ ಒಟ್ಟಿಗೆ ಬರೆಯಬೇಕಾಗಿಲ್ಲ. ಐದು ವರ್ಷದಲ್ಲಿ ಒಂಬತ್ತು ಅವಕಾಶ. ಪಾಸಾದ ವಿಷಯ ಪಾಸಾದ ಹಾಗೇ ಉಳಿಯುತ್ತದೆ.

ಪುಟ್ಟ ಆರಿಸಿಕೊಂಡಿದ್ದು ಕನ್ನಡ, ವಿಜ್ಞಾನ, ಗಣಿತ, ಚಿತ್ರಕಲೆ ಮತ್ತು ಹೋಂ ಸೈನ್ಸ್. ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುವ ದಾರಿಯೂ ಅಲ್ಲಿದೆ, ನಾನಂತೂ ಬಿಟ್ಟುಬಿಡು ಅಂದಿದ್ದೆ. ಆದರೆ ಪಂಪ್‌ಸೆಟ್ ನೋಡಿಕೊಳ್ಳುವ ಅಣ್ಣ ಅವನನ್ನು ಕೂರಿಸಿಕೊಂಡು ಹೇಳಿದರು, ಗಣಿತ ವಿಜ್ಞಾನ ಬಿಟ್ಟರೆ ಆಮೇಲೆ ಐಟಿಐ ಎಲೆಕ್ಟ್ರಿಷಿಯನ್ ಕಷ್ಟ, ಡಿಪ್ಲೊಮಾ ಕಷ್ಟ, ಯೋಚನೆ ಮಾಡು ಅಂತ. ಅವನೇ ಇಟ್ಟುಕೊಂಡ. ಮಗುವಿಗೆ ಸುಲಭ ಆಗಲಿ ಅಂತ ನಾವು ಮುಚ್ಚುವ ಬಾಗಿಲು ಮುಂದೆ ಅದಕ್ಕೇ ಬೇಕಾಗಬಹುದು ಅಲ್ವಾ.

ಪರೀಕ್ಷೆಯಲ್ಲಿ ಅವನಿಗೆ ಬರೆದುಕೊಡುವವರು ಸಿಗುತ್ತಾರೆ, ಹೆಚ್ಚಿನ ಸಮಯ ಸಿಗುತ್ತದೆ. ಇಲ್ಲಿ ನಾನು ಒಂದು ವಿಷಯ ಕಲಿತೆ. ಬೇರೆಯವರ ಕೈಯಲ್ಲಿ ಬರೆಸುವುದು ತಾನೇ ಒಂದು ವಿದ್ಯೆ. ಮನಸ್ಸಿನಲ್ಲಿ ಇಡೀ ಉತ್ತರ ಕಟ್ಟಿಕೊಳ್ಳಬೇಕು, ಸಾಲು ಸಾಲಾಗಿ ಬಿಡಿಸಿ ಹೇಳಬೇಕು, ಬರೆಯುವವರ ಕೈ ನಿಂತಾಗ ಕಾಯಬೇಕು, ಎಲ್ಲಿ ನಿಲ್ಲಿಸಿದೆ ಅಂತ ನೆನಪಿಡಬೇಕು. ಗಣಿತದಲ್ಲಂತೂ ಇನ್ನೂ ಕಷ್ಟ. "ಬ್ರಾಕೆಟ್ ಹಾಕಿ, ಎಕ್ಸ್ ಸ್ಕ್ವೇರ್ ಮೈನಸ್ ನಾಲ್ಕು, ಬ್ರಾಕೆಟ್ ಮುಗಿಸಿ, ಕೆಳಗೆ ಗೆರೆ ಎಳೀರಿ" ಅಂತ ಪ್ರತಿಯೊಂದನ್ನೂ ಬಾಯಲ್ಲೇ ಹೇಳಬೇಕು. ಆರು ತಿಂಗಳು ಇದನ್ನೇ ಅಭ್ಯಾಸ ಮಾಡಿಸಿದರು. ಶಾಲೆಯ ಹತ್ತು ವರ್ಷದ ಮಕ್ಕಳು ಅವನ ಎದುರು ಕೂತು ಬರೆಯುತ್ತಿದ್ದರು, ಇವನು ಹೇಳುತ್ತಿದ್ದ. ಅವರ ಕೈಬರಹವೂ ಚೆನ್ನಾಯಿತು.

2023ರ ಏಪ್ರಿಲ್‌ನಲ್ಲಿ ಎರಡೇ ವಿಷಯ ಬರೆದ, ಕನ್ನಡ ಮತ್ತು ಚಿತ್ರಕಲೆ. ಎರಡೂ ಪಾಸು. ಕನ್ನಡ ಪಾಸು! ಅಕ್ಕ ಹೋಳಿಗೆ ಮಾಡಿದಳು. ಅಕ್ಟೋಬರಿನಲ್ಲಿ ವಿಜ್ಞಾನ, ಹೋಂ ಸೈನ್ಸ್ ಆಯಿತು, ಗಣಿತ ಹೋಯಿತು. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಗಣಿತ ಹೋಯಿತು. ಆಗ ಅವನು ಹೇಳಿದ ಮಾತು ನನಗೆ ಮರೆಯುವುದಿಲ್ಲ. "ಚಿಕ್ಕಮ್ಮ, ಇನ್ನೂ ಆರು ಚಾನ್ಸ್ ಇದೆ ಬಿಡಿ." ಆ ಹಳೆಯ ಶಾಲೆಯಲ್ಲಿ ಕಿರುಪರೀಕ್ಷೆಯ ಹಿಂದಿನ ರಾತ್ರಿ ವಾಂತಿ ಮಾಡಿಕೊಳ್ಳುತ್ತಿದ್ದ ಹುಡುಗ ಇವನೇ. 2024ರ ಅಕ್ಟೋಬರಿನಲ್ಲಿ 33 ಬೇಕಿದ್ದ ಕಡೆ 41 ಬಂತು. ಫ್ಲೆಕ್ಸ್ ಇಲ್ಲ, ಫೋಟೋ ಇಲ್ಲ. ಅವತ್ತು ಸಂಜೆ ಆ ಶಾಲೆಯಲ್ಲಿ ಎಲ್ಲರಿಗೂ ಮಂಡಕ್ಕಿ ಮಾಡಿದರು.

ಮೂರನೇ ಕ್ಲಾಸಿನವರೆಗೆ ಮಾತ್ರ ಯಾಕೆ

ಇಷ್ಟೆಲ್ಲ ಬರೆದ ಮೇಲೆ ಇದನ್ನೂ ಹೇಳಲೇಬೇಕು. ಆ ಶಾಲೆ ಎಲ್ಲರಿಗೂ ಒಗ್ಗಲಿಲ್ಲ. ಒಬ್ಬ ಹುಡುಗ ನಾಲ್ಕೇ ತಿಂಗಳಿಗೆ ವಾಪಸ್ ಹೋದ. ಅವನಿಗೆ ದೊಡ್ಡ ಶಾಲೆಯ ಗಲಾಟೆ ಬೇಕಿತ್ತು, ಕ್ರಿಕೆಟ್ ಟೀಮು ಬೇಕಿತ್ತು, ಹನ್ನೊಂದು ಜನ ಹುಡುಗರು ಇಲ್ಲಿ ಕೂಡುವುದೇ ಇಲ್ಲ. ಕಲಿಸುವವರ ಸಂಬಳ ತೀರಾ ಕಮ್ಮಿ, ಇಬ್ಬರು ನಾನು ನೋಡುತ್ತಿದ್ದಂತೆಯೇ ಬಿಟ್ಟು ಹೋದರು, ಮಕ್ಕಳು ವಾರಗಟ್ಟಲೆ ಮಂಕಾಗಿದ್ದರು. ಫೀಸು ಕಮ್ಮಿ ಏನಲ್ಲ. ಅಕ್ಕ ಒಂದು ಜೊತೆ ಬಳೆ ಅಡ ಇಟ್ಟಳು. ಮತ್ತೊಂದು ಮಾತು, ಇದು ನನ್ನನ್ನು ತುಂಬಾ ಕಾಡುತ್ತದೆ. ಪುಟ್ಟನ ಜಾಗದಲ್ಲಿ ಹುಡುಗಿ ಇದ್ದಿದ್ದರೆ ಆ ಬಳೆ ಹೊರಗೆ ಬರುತ್ತಿತ್ತಾ? ನಮ್ಮ ಮನೆಯಲ್ಲಿ ಬರುತ್ತಿತ್ತು ಅಂತ ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ.

ಹಾಗಾಗಿ ಎಲ್ಲ ಮಕ್ಕಳನ್ನೂ ಇಂಥ ಶಾಲೆಗೆ ಸೇರಿಸಿ ಅಂತ ನಾನು ಹೇಳೋದಿಲ್ಲ. ಹತ್ತಿರದ ಶಾಲೆಯಲ್ಲೇ ಇದು ಸಿಗಬೇಕು. ಮತ್ತು ನಮಗೆ ಇದು ಗೊತ್ತಿಲ್ಲದ್ದೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ನಲಿ-ಕಲಿ ಪದ್ಧತಿ ನೆನಪಿಸಿಕೊಳ್ಳಿ. ಮೆಟ್ಟಿಲು ಮೆಟ್ಟಿಲಾಗಿ ಪಾಠ ಜೋಡಿಸಿದ ಕಲಿಕಾ ಏಣಿ, ಮಕ್ಕಳು ಗುಂಪಾಗಿ ಕೂರುವ ತಟ್ಟೆ, ಅವರು ಮಾಡಿದ್ದನ್ನು ತೂಗುಹಾಕುವ ಚಪ್ಪರ. ಒಂದು ಮಗು ಹುಷಾರಿಲ್ಲದೆ ಹದಿನೈದು ದಿನ ಬರದಿದ್ದರೂ, ಕಬ್ಬು ಕಡಿಯೋಕೆ ಅಪ್ಪ ಅಮ್ಮನ ಜೊತೆ ಹೋಗಿ ಬಂದರೂ, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರು ಮಾಡಬಹುದು. ಪಕ್ಕದ ಮಗು ಮುಂದೆ ಹೋಗಿದ್ದರೆ ಹೋಗಲಿ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಅವರವರ ವೇಗದಲ್ಲಿ. ಇಡೀ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ನಾವು ಇದನ್ನು ಒಪ್ಪಿಕೊಂಡಿದ್ದೇವೆ. ಎಂಟು ವರ್ಷದ ಮಗುವಿಗೆ ಅದರದೇ ವೇಗ ಇದೆ ಅಂತ ಒಪ್ಪುವ ನಾವು, ಹದಿನೈದು ವರ್ಷದ ಮಗುವಿಗೆ ಯಾಕೆ ಒಪ್ಪುವುದಿಲ್ಲ? ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಆ ಏಣಿಯನ್ನು ಯಾರು ತೆಗೆದಿಟ್ಟರು?

ಎಸ್ಸೆಸ್ಸೆಲ್ಸಿಯಲ್ಲೂ 2024ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆ ತಂದಿದ್ದರು, ಅದು ದೊಡ್ಡ ಸಮಾಧಾನವಾಗಿತ್ತು. ಕಾಯ್ದೆಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯಲ್ಲಿ ಪುಟ್ಟನ ಕಲಿಕಾ ನ್ಯೂನತೆಯೂ ಒಂದು, ಆಟಿಸಂ ಕೂಡ ಒಂದು. ಅದರ 17ನೇ ಸೆಕ್ಷನ್‌ನಲ್ಲಿ ಹೆಚ್ಚು ಸಮಯ, ಬರೆದುಕೊಡುವವರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಎಲ್ಲವನ್ನೂ ಹೆಸರಿಸಿ ಬರೆದಿದ್ದಾರೆ. 2022ರಲ್ಲಿ ನಾವು ಆ ರೂಮಿನಲ್ಲಿ ಟೀ ಕುಡಿಯುತ್ತಾ ಕೂತಿದ್ದಾಗ ಆ ಕಾಯ್ದೆ ಜಾರಿಯಾಗಿ ಐದು ವರ್ಷ ಆಗುತ್ತಾ ಬಂದಿತ್ತು. ಎದುರಿಗೆ ಕೂತವರಿಗೆ ಗೊತ್ತಿತ್ತೋ ಇಲ್ಲವೋ, ನಮಗಂತೂ ಗೊತ್ತಿರಲಿಲ್ಲ. ಹುಡುಗನಿಗೆ ಓದೋಕೆ ಯಾಕೆ ಕಷ್ಟ ಆಗ್ತಿದೆ ಅಂತ ಒಂಬತ್ತು ವರ್ಷದಲ್ಲಿ ಒಬ್ಬರಾದರೂ ಕೇಳಿದ್ದರೆ ಅವನು ಅದೇ ಶಾಲೆಯಲ್ಲಿ, ಅದೇ ಸ್ನೇಹಿತರ ಜೊತೆ ಹತ್ತು ಮುಗಿಸುತ್ತಿದ್ದನೇನೋ. ಅವನು ಈಗಲೂ ಆ ಸ್ನೇಹಿತರ ಬಗ್ಗೆ ಮಾತಾಡುತ್ತಾನೆ.

ಪುಟ್ಟ ಈಗ ಐಟಿಐ ಎಲೆಕ್ಟ್ರಿಷಿಯನ್ ಮಾಡುತ್ತಿದ್ದಾನೆ. ಸೇರಿಸುವ ದಿನ ಕೌಂಟರಿನಲ್ಲಿದ್ದವರು ಮಾರ್ಕ್ಸ್ ಕಾರ್ಡ್ ತಿರುಗಿಸಿ ಮುರುಗಿಸಿ, ಇದ್ಯಾವ ಬೋರ್ಡು ಅಂತ ಕೇಳಿದರು. ಭಾವ ಒಂದು ಫೈಲ್ ತೆಗೆದು, ಎಸ್ಸೆಸ್ಸೆಲ್ಸಿಗೆ ಇದು ಸಮ ಅನ್ನೋ ಕಾಗದವನ್ನು ಮುಂದಿಟ್ಟು, ನಿಧಾನವಾಗಿ ವಿವರಿಸಿದರು. ಬಿಳಿ ಹಾಳೆಯ ಮುಂದೆ ಪೆನ್ ಹಿಡಿದು ಸುಮ್ನೆ ಕೂತಿದ್ದ ಮನುಷ್ಯ.

ಈ ಬರಹ ಶುರು ಮಾಡಿದ್ದು ಮೊನ್ನೆ ರಾತ್ರಿ, ಅಕ್ಕನ ಫೋನ್ ಬಂದ ಮೇಲೆ. ಅವಳ ಹಿಂದಿನ ಮನೆಯ ಹುಡುಗಿ, ಒಂಬತ್ತನೇ ಕ್ಲಾಸು. ಅಪ್ಪ ಆಟೋ ಓಡಿಸುತ್ತಾರೆ. ಶಾಲೆಯಿಂದ ಬರೋಕೆ ಹೇಳಿದ್ದಾರಂತೆ. ಅಕ್ಕ 17ನೇ ಸೆಕ್ಷನ್ ಇರುವ ಪುಟವನ್ನು ಜೆರಾಕ್ಸ್ ಮಾಡಿಸಿ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದಾಳೆ, ಇದು ಅವಳು ಹೀಗೆ ಜೊತೆಗೆ ಹೋಗುತ್ತಿರುವ ಮೂರನೇ ಮನೆ. "ಅವರು ಹಾಳೆ ಕೊಟ್ರೆ ಏನೂ ಬರೀಬೇಡಿ, ಮೊದಲು ಮಗೂಗೆ ಏನು ಕಷ್ಟ ಅಂತ ಕೇಳಿ ಅಂತ ಹೇಳಿದ್ದೀನಿ" ಅಂದಳು. ನಾಳೆ ಬೆಳಗ್ಗೆ ಹತ್ತು ಗಂಟೆಗೆ. ನಾನೂ ಹೋಗುತ್ತಿದ್ದೇನೆ.